ಡಾಂಬರು ಗುಳಿಗೆ ಮತ್ತು ನೆಲದಡಿಯ ಪೆಟ್ರೋಲು

ಇವತ್ತು ಮಾಡಿದ ಕೆಲಸಗಳು: ಹಾಲು ಕಾಯಿಸಿ ಹೆಪ್ಪು ಹಾಕಿದೆ. ಶ್ರೀಧರ್‌ಗೆ ಊಟದ ಡಬ್ಬಿ ಕಟ್ಟಿ ಕಳಿಸಿದೆ. ಶ್ರೀಧರ್ ನನ್ನ ಯಜಮಾನರು, ಇಲ್ಲೇ ನಮ್ಮೂರು ರೆಂಟನ್ನಿನ ವಿಮಾನದ ಕಾರ್ಖಾನೆಯಲ್ಲಿ ಇನ್ನೂ ಕೆಲಸದಲ್ಲಿದ್ದಾರೆ. ಡಿಶ್‌ವಾಷರಿನ ಜಾಲರಿ ತೆಗೆದು ಉಜ್ಜಿದೆ. ಗ್ಯಾರೇಜಿನಲ್ಲಿ ಬಿದ್ದಿದ್ದ ನನ್ನ ಉಕ್ಕಿನ ಮೂತಿಯ ಬೂಟುಗಳನ್ನು ತೊಳೆದು, ಒಳಗೆ ಹಳೇ ಪೇಪರ್ ತುರುಕಿ ಒಣಗಲು ಇಟ್ಟೆ. ಅಪರೂಪಕ್ಕೆ ಬಿಸಿಲು ಬಂದಿತ್ತಲ್ಲ, ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ತೆಗೆದು, ಕಿಟಕಿ ತೆರೆದ ಕೋಣೆಯಲ್ಲಿ ಹರವಿ, ಮಡಿಕೆ ಬದಲಿಸಿ, ಪೆಟ್ಟಿಗೆಯಲ್ಲಿ ಹೊಸದಾಗಿ ಲವಂಗದ ಗಂಟು ಇಟ್ಟೆ. ಆಮೇಲೆ ಅನುಷಾ ಫೋನ್ ಮಾಡಿದಳು.

ಅನುಷಾ ನನ್ನ ಗೆಳತಿಯ ಮಗಳು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ರೂಮು ಮಾಡಿಕೊಂಡು ಓದಿದವಳು, ಈಗ ಎಣ್ಣೆ ಸೋರಿ ಕೆಟ್ಟ ಮಣ್ಣು-ನೀರು ಶುದ್ಧ ಮಾಡುವ ಕಂಪನಿಯೊಂದಕ್ಕೆ ಸೇರುತ್ತಿದ್ದಾಳೆ. ನಾನು ಬಿಟ್ಟು ಬಂದ ಕೆಲಸವೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮಿಬ್ಬರ ರೂಢಿ. "ಆಂಟಿ, ಆ ಕೆಲಸ ನಿಜವಾಗಿ ಹೇಗಿರುತ್ತೆ? ವೆಬ್‌ಸೈಟ್‌ನಲ್ಲಿ ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ನಗ್ತಾ ನಿಂತಿದಾರೆ" ಅಂದಳು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಬರೆದು ಕಳಿಸುತ್ತೇನೆ ಅಂದೆ. ಅವಳಿಗೆ ಕನ್ನಡ ಓದಲು ಬಾರದು. ಅವಳ ಅಮ್ಮ ಓದಿ ಹೇಳಲಿ. ಆ ನೆಪದಲ್ಲಾದರೂ ತಾಯಿ-ಮಗಳು ಒಂದು ಗಂಟೆ ಒಂದು ಕಡೆ ಕೂರುತ್ತಾರೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಈ ದೇಶ ಎಣ್ಣೆ ತೆಗೆಯುತ್ತದೆ, ತೆಗೆದಷ್ಟೂ ಕುಡಿಯುತ್ತದೆ. ಹೋದ ಹಾದಿಯಲ್ಲೆಲ್ಲ ಒಂದಿಷ್ಟು ಚೆಲ್ಲುತ್ತದೆ. ಎಣ್ಣೆ ಹಡಗು ಒಡೆದರೆ ಟೀವಿಯವರು ಬರುತ್ತಾರೆ. ಮೂಲೆಯ ಪೆಟ್ರೋಲ್ ಬಂಕಿನ ಟ್ಯಾಂಕು ನೆಲದಡಿ ತೂತಾದರೆ ನಾವು ಬರುತ್ತಿದ್ದೆವು. ನಾನಿದ್ದದ್ದು ಸಣ್ಣ ಕನ್ಸಲ್ಟಿಂಗ್ ಕಂಪನಿ. ಚೆಲ್ಲಿದವರೇ ಖರ್ಚು ಹಾಕಿ ಶುದ್ಧ ಮಾಡಿಸಬೇಕು ಅಂತ ಇಲ್ಲಿಯ ಕಾನೂನು. ಹಾಗಾಗಿ ನಮಗೆ ಸಂಬಳ ಕೊಡುತ್ತಿದ್ದವರೂ ನಾವು ತಪ್ಪು ತೋರಿಸಬೇಕಾದವರೂ ಒಬ್ಬರೇ. ಈ ಮಾತನ್ನು, ಅನುಷಾ, ಮೊದಲ ದಿನವೇ ಚೆನ್ನಾಗಿ ನೆನಪಿಟ್ಟುಕೋ. ಉಳಿದದ್ದೆಲ್ಲ ಕೈಗೆ ತಾನಾಗಿ ಹತ್ತುತ್ತದೆ.

ದಿನನಿತ್ಯದ ಕೆಲಸ ಸಪ್ಪೆಯೇ. ನೆಲದಲ್ಲಿ ಕೊರೆದ ಸಣ್ಣ ಬಾವಿಗಳ ಮುಚ್ಚಳ ತೆಗೆಯುವುದು, ನೀರು ಎಷ್ಟು ಆಳದಲ್ಲಿದೆ, ಅದರ ಮೇಲೆ ಎಣ್ಣೆ ತೇಲುತ್ತಿದೆಯಾ ನೋಡುವುದು, ಕೊಳವೆ ಇಳಿಸಿ ನೀರು ತೆಗೆದು ಶೀಷೆ ತುಂಬುವುದು, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸುವುದು. ಮಳೆಯಲ್ಲಿ ಮಾಡುವುದು, ಮಂಜಿನಲ್ಲಿ ಮಾಡುವುದು. ನನ್ನ ಮಧ್ಯಾಹ್ನದ ಊಟ ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ, ಹೀಟರಿನ ಗಾಳಿಗೆ ಬಿಸಿಯಾಗುತ್ತಿತ್ತು. ಚಪಾತಿಯನ್ನು ಫಾಯಿಲಿನಲ್ಲಿ ಸುತ್ತಿ, ಮೇಲಿಂದ ಬಿಡಿಸುತ್ತಾ, ಫಾಯಿಲನ್ನೇ ಹಿಡಿದು ತಿನ್ನಬೇಕು. ಎಷ್ಟು ಸೋಪು ಹಾಕಿದರೂ ಬೆರಳಿಗೆ ಪೆಟ್ರೋಲ್ ವಾಸನೆ ಇರುತ್ತದೆ. ಕಾಲೇಜಿನಲ್ಲಿ ಯಾರೂ ಇದನ್ನು ಕಲಿಸುವುದಿಲ್ಲ.

ನನ್ನ ಮೇಲಧಿಕಾರಿ ಲೋರ್ನಾ. ಅಲಾಸ್ಕಾದ ಕರಾವಳಿಯಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿದವಳು. ಕಡಲಿಗೆ ಎಣ್ಣೆ ಬಿದ್ದರೆ ಮನೆಯ ಒಲೆ ಆರುತ್ತದೆ ಅನ್ನುವುದು ಅವಳಿಗೆ ಪುಸ್ತಕದ ವಿಷಯ ಆಗಿರಲಿಲ್ಲ. ಬಾಯಲ್ಲಿ ಸದಾ ಶುಂಠಿ ಮಿಠಾಯಿ. ಮಾತು ಕಡಿಮೆ. ನಾನು ಸೇರಿದ ಹೊಸತರಲ್ಲಿ ಒಂದು ಶಾಲೆಯವರು ಫೋನ್ ಮಾಡಿ, ನಮ್ಮ ಹಿಂದಿನ ಹಳ್ಳದಲ್ಲಿ ಎಣ್ಣೆ ತೇಲುತ್ತಿದೆ ಅಂದರು. ನಾವೆಲ್ಲ ಎಣ್ಣೆ ಹೀರುವ ದಿಂಡುಗಳನ್ನು ವ್ಯಾನಿಗೆ ತುಂಬಿಕೊಂಡು ಓಡಿದೆವು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿತ್ತು, ಸಂಶಯವೇ ಇಲ್ಲ. ಲೋರ್ನಾ ಒಂದು ಕಡ್ಡಿ ಎತ್ತಿಕೊಂಡು ಆ ಪದರಕ್ಕೆ ಚುಚ್ಚಿದಳು. ಅದು ಒಡೆದ ಗಾಜಿನ ಹಾಗೆ ಚೂರುಚೂರಾಗಿ ಹಾಗೇ ನಿಂತಿತು.

"ಪೆಟ್ರೋಲಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಮಕ್ಕಳಿಗೆ ತೋರಿಸಿ, ವಿಜ್ಞಾನದ ಪಾಠ ಆಗುತ್ತೆ" ಅಂದು ವ್ಯಾನು ಹತ್ತಿದಳು. ಅಷ್ಟೂ ದಿಂಡುಗಳನ್ನು ನಾವು ಮತ್ತೆ ಮಡಚಿ ಒಳಗೆ ತುಂಬಿದೆವು. ಅವತ್ತಿನಿಂದ ನನ್ನ ಜೇಬಿನಲ್ಲಿ ಒಂದು ಕಡ್ಡಿ ಇರುತ್ತಿತ್ತು.

ವಿಧಾನಗಳೂ ನನ್ನ ಕಣ್ಣೆದುರೇ ಬದಲಾದವು. ಮೊದಲೆಲ್ಲ ಕೆಟ್ಟ ಮಣ್ಣು ಅಗೆ, ಲಾರಿಗೆ ತುಂಬು, ದೂರದ ಗುಂಡಿಗೆ ಹಾಕು. ಕಸವನ್ನು ನಮ್ಮ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಗುಡಿಸಿದ ಹಾಗೆ. ಆಮೇಲೆ ಮಣ್ಣು ಇದ್ದಲ್ಲೇ ಇರಲಿ, ಪೈಪಿನಿಂದ ಆವಿ ಎಳೆ, ಒಳಗೆ ಗಾಳಿ ಕೊಡು, ಮಣ್ಣಿನ ಸೂಕ್ಷ್ಮಜೀವಿಗಳೇ ಎಣ್ಣೆ ತಿನ್ನುತ್ತವೆ ಅನ್ನುವುದು ಬಂತು. ನನಗೆ ಇದು ಬೇಗ ಅರ್ಥವಾಯಿತು. ರೆಂಟನ್ನಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸಿದವಳಿಗೆ ಕಣ್ಣಿಗೆ ಕಾಣದ ಜೀವಿಗಳನ್ನು ಬೆಚ್ಚಗೆ ನೋಡಿಕೊಳ್ಳುವುದು ಹೊಸ ವಿದ್ಯೆಯಲ್ಲ.

ಎರಡು ಸಾವಿರನೇ ಇಸವಿಯ ಈಚೆಗೆ ಇನ್ನೊಂದು ಮಾತು ಶುರುವಾಯಿತು: ಪೆಟ್ರೋಲು ನೆಲದಡಿಯ ನೀರಿನಲ್ಲಿ ಸುಮ್ಮನೆ ಕೂರುವುದಿಲ್ಲ, ಆವಿಯಾಗಿ ಮೇಲೇರಿ, ಕಾಂಕ್ರೀಟಿನ ಬಿರುಕಿನಿಂದ ಮನೆಯೊಳಗೆ ಬರಬಹುದು. ಅಲ್ಲಿಯವರೆಗೆ ಬಾವಿಯ ನೀರು ನೋಡುತ್ತಿದ್ದ ನಾವು ಜನರ ಮಲಗುವ ಕೋಣೆಯ ಗಾಳಿ ನೋಡಲು ಶುರುಮಾಡಿದೆವು. ನೀರು ಅಳೆಯುವುದು ಸುಲಭ, ಬಾವಿಯಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ಮನೆಯ ಗಾಳಿಯಲ್ಲಿ ಸಂಸಾರವೆಲ್ಲ ಇರುತ್ತದೆ.

ನೀಲವ್ವನವರ ಪರಿಚಯವಾದದ್ದು ಹಾಗೆ.

ಶೋರ್‌ಲೈನ್ ಊರಿನಲ್ಲಿ ಒಂದು ಖಾಲಿ ಸೈಟು. ಹಿಂದೆ ಅಲ್ಲಿ ಪೆಟ್ರೋಲ್ ಬಂಕು ಇತ್ತು. ಟ್ಯಾಂಕುಗಳನ್ನು ಕಿತ್ತು ಹಾಕಿಯಾಗಿತ್ತು, ಸೋರಿದ್ದು ಮಣ್ಣಿನಲ್ಲೇ ಉಳಿದಿತ್ತು. ಅದರ ಹಿಂಬದಿಯ ಮನೆ ಬಾಗಲಕೋಟೆ ಕಡೆಯ ಮಹಾಂತೇಶ ಮತ್ತು ರೂಪಾ ಅವರದು. ಇಬ್ಬರೂ ಇಂಜಿನಿಯರುಗಳು. ಅರ್ಧ ನೆಲದೊಳಗಿದ್ದ ಕೆಳಮಹಡಿಯ ಕೋಣೆಯಲ್ಲಿ ಮಹಾಂತೇಶನ ತಾಯಿ ನೀಲವ್ವ, ಅವರ ಪಕ್ಕದಲ್ಲಿ ಮೊಮ್ಮಗಳು ಗೌರಿ ಮಲಗುತ್ತಿದ್ದರು. ಗೌರಿಗೆ ಆಗಿನ್ನೂ ತೊದಲು ಮಾತು.

ಗಾಳಿಯ ಮಾದರಿ ತರಲು ಮೊದಲು ಹೋದವನು ನನ್ನ ಸಹೋದ್ಯೋಗಿ ಕೆವಿನ್. ಒಳ್ಳೆಯ ಹುಡುಗ, ಚುರುಕು. ಬಾಗಿಲಲ್ಲೇ ಮಹಾಂತೇಶನನ್ನು ನಿಲ್ಲಿಸಿ, ಮನೆಯಲ್ಲಿ ಪೇಂಟು, ಥಿನ್ನರು, ಬಟ್ಟೆಗೆ ಇಡುವ ನುಸಿಗುಳಿಗೆ ಇಂಥದ್ದೇನಾದರೂ ಇದೆಯಾ ಅಂತ ಕೇಳಿದ. ಮಹಾಂತೇಶ ಗ್ಯಾರೇಜಿನತ್ತ ಒಮ್ಮೆ ಕಣ್ಣು ಹಾಯಿಸಿ ಇಲ್ಲ ಅಂದ. ಕೆವಿನ್ ಕೆಳಗಿನ ಕೋಣೆಯಲ್ಲಿ ಉಕ್ಕಿನ ಗುಂಡು ಡಬ್ಬಿಯಿಟ್ಟ. ಒಳಗೆ ಗಾಳಿಯಿಲ್ಲದ ಡಬ್ಬಿ ಅದು. ಬಾಯಿ ತೆರೆದಿಟ್ಟರೆ ಕೋಣೆಯ ಗಾಳಿಯನ್ನು ಮೆಲ್ಲಗೆ ಒಂದು ದಿನವಿಡೀ ಎಳೆದುಕೊಳ್ಳುತ್ತದೆ.

ಲ್ಯಾಬಿನಿಂದ ಬಂದ ಉತ್ತರ ನೋಡಿ ಲೋರ್ನಾ ಮಿಠಾಯಿ ಜಗಿಯುವುದು ನಿಲ್ಲಿಸಿದಳು. ಪೆಟ್ರೋಲಿನಲ್ಲಿರುವ, ಕ್ಯಾನ್ಸರ್ ತರಬಲ್ಲ ಬೆಂಜೀನು ಮಿತಿಗಿಂತ ಮೇಲೆ. ಪೆಟ್ರೋಲಿನಲ್ಲೇ ಇರುವ ಇನ್ನೊಂದು ವಸ್ತು ನಾಫ್ತಲೀನಂತೂ ಹೇಳುವ ಹಾಗಿಲ್ಲ. ವಿಷಯ ಗೊತ್ತಾಗುವವರೆಗೆ ಯಾರೂ ಕೆಳಗೆ ಮಲಗುವುದು ಬೇಡ, ಮಗುವಂತೂ ಬೇಡವೇ ಬೇಡ ಅಂತ ಮನೆಯವರಿಗೆ ಹೇಳಿದೆವು. ಹೇಳುವುದು ಒಂದು ಸಾಲು. ಮನೆಯಲ್ಲಿ ಅದು ಏನು ಮಾಡಿತು ಅಂತ ನನಗೆ ರೂಪಾ ಫೋನ್ ಮಾಡಿದಾಗ ತಿಳಿಯಿತು. ಅಜ್ಜಿ ಮೇಲಿನ ನಡುಮನೆಯ ಸೋಫಾ ಮೇಲೆ, ಮಗು ಅಪ್ಪ-ಅಮ್ಮನ ಕೋಣೆಯಲ್ಲಿ ಅಜ್ಜಿಗಾಗಿ ಅಳುತ್ತಾ, ಯಾರಿಗೂ ನಿದ್ದೆಯಿಲ್ಲ. "ಅಕ್ಕಾ, ಅತ್ತಿಯವ್ರು ಊರಿಗೆ ಟಿಕೆಟ್ ಮಾಡ್ಸು ಅನ್ನಾಕತ್ತಾರ. ನನ್ನಿಂದ ನಿಮಗ ಜಾಗ ಸಾಲವಲ್ದು ಅಂತಾರ. ಅವ್ರು ಹೋದ್ರ ಗೌರೀನ ಡೇಕೇರ್‌ಗೆ ಹಾಕಬೇಕು. ನೀವು ಒಂದ್ ಸಲ ಬಂದು ಮಾತಾಡ್ರಿ" ಅಂದಳು.

ನಾನು ಹೋದೆ. ಬಾಗಿಲು ತೆಗೆದದ್ದು ನೀಲವ್ವನವರೇ. ಬಿಳಿ ಕೂದಲು, ಹಣೆ ತುಂಬಾ ವಿಭೂತಿ, ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರು.

"ಬಾರವ್ವ ತಂಗಿ. ಆ ಹುಡುಗನ ಗತೆ ಬೂಟಗಾಲಿಲೆ ಬರಬ್ಯಾಡ ಮತ್ತ."

ಬೂಟು ಬಿಚ್ಚಿ ಅವರ ಹಿಂದೆ ಕೆಳಗಿಳಿದೆ. ಕೋಣೆಯ ಬಾಗಿಲಲ್ಲೇ ಒಂದು ವಾಸನೆ ಮೂಗಿಗೆ ಬಡಿದು ನಿಂತೆ. ಅದು ಪೆಟ್ರೋಲ್ ವಾಸನೆಯಲ್ಲ. ತುಮಕೂರಿನಲ್ಲಿ ನಮ್ಮ ದೊಡ್ಡಮ್ಮ ಮದುವೆಮನೆಗೆ ಹೊರಟು ಬೀರು ತೆಗೆದಾಗ ಬರುತ್ತಿದ್ದ ವಾಸನೆ. ಊದಿನಕಡ್ಡಿಯ ಘಮದ ನಡುವೆ ಅದು ಕೆವಿನ್ನನ ಮೂಗಿಗೆ ಸಿಕ್ಕಿರಲಿಕ್ಕಿಲ್ಲ.

"ಅಮ್ಮಾ, ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆ ಇಟ್ಟಿದ್ದೀರಾ?"

"ಇಡದ ಏನ್ ಮಾಡ್ಲೆವ್ವ? ಊರಿಂದ ತಂದೀನಿ, ಮುಷ್ಟಿ ತುಂಬ ಹಾಕೀನಿ. ರೇಷ್ಮಿ ಸೆರಗಿಗೆ ಹುಳಾ ಹತ್ತಿದ್ರ ನಿಮ್ಮ ಕಂಪನಿಯವ್ರು ಹೊಸಾ ಸೀರಿ ಕೊಡಸ್ತಾರೇನ?"

ಹಿಂದೆ ನಿಂತಿದ್ದ ಮಹಾಂತೇಶ ತಲೆ ಹಿಡಿದುಕೊಂಡ. "ಅವ್ವಾ! ಕೆವಿನ್ ಕೇಳಿದಾಗ ನಾ ಇಲ್ಲ ಅಂತ ಹೇಳೀನಿ!"

"ನಿನ್ನ ಕೇಳಿದ್ರ ನಿನಗೇನ್ ಗೊತ್ತು? ಹುಟ್ಟಿದಾಗಿನಿಂದ ನನ್ನ ಪೆಟಿಗಿ ಒಂದ್ ಸಲರ ತಗದೀಯೇನ? ನನ್ನ ಕೋಣಿದು ನನ್ನ ಕೇಳಬೇಕಿತ್ತಲ್ಲ."

ಇಡೀ ನನ್ನ ನೌಕರಿಯಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ತಾಂತ್ರಿಕ ಸಲಹೆ ಅದು. ಡಾಂಬರು ಗುಳಿಗೆ ಅಂದರೆ ಗಟ್ಟಿ ಮಾಡಿದ ನಾಫ್ತಲೀನು. ನಾವು ಹುಡುಕುತ್ತಿದ್ದ ಪೆಟ್ರೋಲಿನ ಗುರುತುಗಳಲ್ಲಿ ಒಂದನ್ನು ಅವರು ಬಾಗಲಕೋಟೆಯಿಂದ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಅನುಷಾ, ಮನೆಗೆ ಹೋದಾಗ ಬಾಗಿಲು ತೆರೆದವರನ್ನಲ್ಲ, ಆ ಕೋಣೆಯಲ್ಲಿ ಮಲಗುವವರನ್ನು ಕೇಳು. ಭಾಷೆ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗು.

ಮಹಾಂತೇಶನ ಮುಖ ಅರಳಿತ್ತು. "ಹಂಗಾದ್ರ ಮುಗೀತಲ್ಲ ಅಕ್ಕಾರ! ಪೆಟಿಗಿ ಒಯ್ದು ಶೆಡ್‌ನ್ಯಾಗ ಇಡ್ತೀನಿ, ಗೌರಿ ಇವತ್ತ ಕೆಳಗ ಮಲಗ್ಲಿ."

"ಇನ್ನೂ ಇಲ್ಲ ಮಹಾಂತೇಶ್. ಗುಳಿಗೆಯಲ್ಲಿ ಬೆಂಜೀನ್ ಇರಲ್ಲ. ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು."

ಬೆಂಜೀನು ನೆಲದಿಂದಲೇ ಬರಬೇಕೆಂದಿಲ್ಲ. ಗ್ಯಾರೇಜಿನ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲಿನಿಂದ ಬರಬಹುದು. ಊದಿನಕಡ್ಡಿಯ ಹೊಗೆಯಲ್ಲೂ ಒಂದಿಷ್ಟು ಇರುತ್ತದೆ. ಕೋಣೆಯ ಮೂಲೆಯಲ್ಲಿ ನೀಲವ್ವನವರ ಪೂಜೆಯ ಮಣೆ ಇತ್ತು, ಸುತ್ತ ಬೂದಿ. ಹೇಗೆ ಹೇಳುವುದು ಅಂತ ನಾನು ತಡವರಿಸುತ್ತಿದ್ದೆ. ಅವರೇ ನನ್ನ ಕಣ್ಣು ಹೋದ ಕಡೆ ನೋಡಿದರು.

"ಊದಿನಕಡ್ಡಿ ಬ್ಯಾಡ ಅಂತೀ ಏನ?"

"ಒಂದು ವಾರ ಸಾಕು ಅಮ್ಮಾ. ಇಲ್ಲದಿದ್ದರೆ ಅದು ಹೊಗೆಯದ್ದೋ ನೆಲದ್ದೋ ಗೊತ್ತಾಗಲ್ಲ."

"ಲಿಂಗಪೂಜಿಗೆ ನೀರು, ವಿಭೂತಿ, ಒಂದ್ ಹೂವು ಆದ್ರ ಸಾಕು. ಊದಿನಕಡ್ಡಿ ದೇವ್ರಿಗಲ್ಲ, ನನ್ನ ಚಟ." ನನ್ನ ಕೈ ಹಿಡಿದುಕೊಂಡರು. "ನಿಮ್ಮ ಲೆಕ್ಕ-ಪತ್ರ ನಂಗ ತಿಳಿಯಂಗಿಲ್ಲ ತಂಗಿ. ಒಂದ ಮಾತು ಹೇಳು ಸಾಕು. ಕೂಸು ನನ್ನ ಬಾಜೂಕ ಮಲಗಬಹುದೋ ಇಲ್ಲೋ? ಮಲಗಬಾರದು ಅಂದ್ರ ಹೋಗ್ತೀನಿ. ಆದ್ರ ಗೊತ್ತಿಲ್ಲದ ಹೋಗಂಗಿಲ್ಲ."

ಗೊತ್ತುಮಾಡಿ ಹೇಳುತ್ತೇನೆ ಅಂದೆ.

ಪೆಟ್ಟಿಗೆ, ಹುಲ್ಲಿನ ಯಂತ್ರ ಎರಡೂ ಅಂಗಳದ ಶೆಡ್ಡಿಗೆ ಹೋದವು. ಕೋಣೆಯ ಹಾಸಿಗೆ, ಪರದೆ ಎಲ್ಲ ಒಗೆಸಿ, ಕಿಟಕಿ ತೆರೆದು ಗಾಳಿಯಾಡಿಸಿ, ಮತ್ತೆ ಮುಚ್ಚಿ, ವಾರ ಕಳೆದ ಮೇಲೆ ನಾನೇ ಡಬ್ಬಿಗಳನ್ನು ಒಯ್ದೆ. ಒಂದನ್ನು ಕೋಣೆಯಲ್ಲಿಟ್ಟೆ. ಇನ್ನೊಂದಕ್ಕೆ ಕಾಂಕ್ರೀಟ್ ನೆಲದಲ್ಲಿ ಬೆರಳು ಗಾತ್ರದ ತೂತು ಕೊರೆದು, ನಳಿಕೆ ಇಳಿಸಿ, ಸುತ್ತ ಮೆತ್ತಿ ಮುಚ್ಚಿ, ನೆಲದ ಅಡಿಯ ಗಾಳಿ ಮಾತ್ರ ಬರುವ ಹಾಗೆ ಮಾಡಿದೆ. ಮರುದಿನ ತರಲು ಹೋದರೆ ಎರಡೂ ಡಬ್ಬಿಗಳಿಗೆ ಮೂರು ಬೆರಳಿನ ವಿಭೂತಿ ಹಚ್ಚಿತ್ತು. ವಿಭೂತಿಯಲ್ಲಿ ಬೆಂಜೀನಿಲ್ಲ, ಹಾಗೇ ಕಳಿಸಿದೆ. ಲ್ಯಾಬಿನವರು ಫೋನ್ ಮಾಡಿ ಆ ಬಿಳಿ ಗೆರೆಗಳು ಏನು ಅಂತ ಕೇಳಿದರು. ನಮ್ಮ ಕಡೆಯ ಕ್ವಾಲಿಟಿ ಚೆಕ್ ಅಂದೆ.

ಉತ್ತರ ಬಂತು. ಕೋಣೆಯ ನಾಫ್ತಲೀನು ಹೆಚ್ಚುಕಡಿಮೆ ಮಾಯ. ಬೆಂಜೀನು ಇಳಿದಿತ್ತು, ಆದರೆ ಮಿತಿಯ ಕೆಳಗೆ ಬಂದಿರಲಿಲ್ಲ. ನೆಲದ ಅಡಿಯ ಡಬ್ಬಿಯಲ್ಲಿ ಕೋಣೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಕೆವಿನ್ ನನ್ನ ಮೇಜಿನ ಹತ್ತಿರ ಬಂದ. "ವಸು, ವರದಿಯಲ್ಲಿ ಗುಳಿಗೆಯ ವಿಷಯ ಬರೀಲೇಬೇಕಾ? ಬರೆದರೆ ಬಂಕಿನವರು ಅದನ್ನೇ ಹಿಡ್ಕೊಳ್ತಾರೆ. ಪಾಪ, ಆ ಕುಟುಂಬಕ್ಕೇ ತೊಂದರೆ." ಅವನ ಮನಸ್ಸು ಒಳ್ಳೆಯದು. ಆದರೆ ಬರೆಯದಿದ್ದರೆ, ಯಾರಾದರೂ ಆಮೇಲೆ ಪತ್ತೆ ಮಾಡಿದ ದಿನ ನಮ್ಮ ಉಳಿದ ಮಾತೆಲ್ಲ ಬಿದ್ದುಹೋಗುತ್ತಿತ್ತು. ನಾನು ಎಲ್ಲವನ್ನೂ ಬರೆದೆ. ಗುಳಿಗೆ, ಊದಿನಕಡ್ಡಿ, ಹುಲ್ಲಿನ ಯಂತ್ರ, ಪ್ರತಿಯೊಂದನ್ನೂ ಹೇಗೆ ತೆಗೆದೆವು, ತೆಗೆದ ಮೇಲೆ ಏನು ಉಳಿಯಿತು.

ಕೆವಿನ್ ಹೇಳಿದ್ದೇ ಆಯಿತು. ಬಂಕಿನ ಹಳೇ ಮಾಲೀಕರ ಪರವಾಗಿ ಮೀಟಿಂಗಿಗೆ ಬಂದ ಡೆನಿಸ್, ನಮ್ಮ ಬಿಲ್ಲು ಪಾಸು ಮಾಡುವವನೂ ಅವನೇ, ವರದಿಯನ್ನು ಮೇಜಿನ ಮೇಲೆ ತಟ್ಟಿ ಖುಷಿಯಾಗಿ ನಕ್ಕ.

"ನುಸಿಗುಳಿಗೆ! ಊದಿನಕಡ್ಡಿ! ಅವರ ಮನೆಯ ಹೊಗೆ ಅವರ ಮನೆಯದು. ನಾವು ಯಾಕೆ ಕೂತಿದ್ದೀವಿ ಇಲ್ಲಿ?"

"ಡೆನಿಸ್, ಆ ಪೆಟ್ಟಿಗೆ ನೆಲದ ಮೇಲಿತ್ತು, ಅದನ್ನೂ ತೆಗೆದಿಟ್ಟೇ ಅಳೆದಿದ್ದೀನಿ. ಎರಡನೇ ಡಬ್ಬಿ ನೆಲದ ಕೆಳಗಿನದು. ಕಾಂಕ್ರೀಟಿನ ಕೆಳಗೆ ಯಾರೂ ಸೀರೆ ಇಟ್ಟಿಲ್ಲ" ಅಂದೆ.

ಅವನು ಆ ಪುಟ ತೆಗೆದು ಓದಿದ. ಇನ್ನೊಮ್ಮೆ ಓದಿದ. ಲೋರ್ನಾ ಅವನ ಕಡೆ ಶುಂಠಿ ಮಿಠಾಯಿಯ ಪೊಟ್ಟಣ ಸರಿಸಿದಳು. "ಒಂದು ತಗೋ. ಆಮೇಲೆ ಆ ಆವಿ ಎಳೆಯೋ ಫ್ಯಾನಿನ ಬಗ್ಗೆ ಮಾತಾಡೋಣ."

ಮೀಟಿಂಗ್ ಮುಗಿದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟೇ: "ಒಳ್ಳೆ ಕೆಲಸ. ಮಧ್ಯಾಹ್ನ ಬಾವಿಗಳಿಗೆ ಹೋಗಬೇಕು, ಮರೀಬೇಡ."

ಪರಿಹಾರ ಸರಳವಾಗಿತ್ತು. ಕೋಣೆಯ ಮೂಲೆಯಲ್ಲಿ ನೆಲ ಕೊರೆದು ಬಿಳಿ ಪೈಪು ಇಳಿಸಿ, ಗೋಡೆಗುಂಟ ಮೇಲೆ ಒಯ್ದು, ಸೂರಿನಾಚೆ ಒಂದು ಸಣ್ಣ ಫ್ಯಾನು. ಆವಿ ಮನೆಯೊಳಗೆ ಬರುವ ಮೊದಲೇ ಅದನ್ನು ಎಳೆದು ಆಕಾಶಕ್ಕೆ ಬಿಡುತ್ತದೆ. ಖಾಲಿ ಸೈಟಿನ ಮಣ್ಣಿನಿಂದ ಪೆಟ್ರೋಲು ಎಳೆಯುವ ದೊಡ್ಡ ಕೆಲಸ ಪಕ್ಕದಲ್ಲಿ ವರ್ಷಗಟ್ಟಲೆ ನಡೆಯಿತು, ಅದು ಬೇರೆ. ಫ್ಯಾನು ಕೂಡಿಸಿ, ಬಿರುಕುಗಳನ್ನು ಮುಚ್ಚಿ, ಮತ್ತೆ ಡಬ್ಬಿಯಿಟ್ಟೆ. ಈ ಸಲವೂ ವಿಭೂತಿ. ಕಾಯುವ ದಿನಗಳಲ್ಲಿ ರೂಪಾ ಫೋನ್ ಮಾಡಲಿಲ್ಲ, ನೀಲವ್ವನವರೇ ಮಾಡಿಸುತ್ತಿದ್ದರು. "ಬಂತೇನ ತಂಗಿ?" ಇಲ್ಲ ಅಂದರೆ, "ಬರಲಿ ಬಿಡು" ಅಂದು ಇಟ್ಟುಬಿಡುತ್ತಿದ್ದರು. ಟಿಕೆಟಿನ ಮಾತನ್ನು ಅವರು ಬಿಟ್ಟಿರಲಿಲ್ಲ, ಮುಂದಕ್ಕೆ ಹಾಕಿದ್ದರು ಅಷ್ಟೇ.

ಉತ್ತರ ಬಂದದ್ದು ಒಂದು ಶುಕ್ರವಾರ. ಬೆಂಜೀನು ಹೊರಗಿನ ಬೀದಿಯ ಗಾಳಿಯಲ್ಲಿ ಇರುವಷ್ಟೇ. ಇಮೇಲ್ ಕಳಿಸಿದರೆ ಆಗುತ್ತಿತ್ತು. ನಾನು ಮಾರನೆಯ ದಿನ ಕಾರು ತೆಗೆದುಕೊಂಡು ಶೋರ್‌ಲೈನಿಗೇ ಹೋದೆ. ಜೊತೆಗೆ ಹಳೇ ಮಲ್‌ಮಲ್ ಬಟ್ಟೆಯಲ್ಲಿ ಲವಂಗ ಕಟ್ಟಿದ ಒಂದಿಷ್ಟು ಗಂಟುಗಳು.

ಬೂಟು ಬಿಚ್ಚುವ ಮೊದಲೇ ನೀಲವ್ವ ಕೇಳಿದರು. "ಮಲಗಬಹುದೋ ಇಲ್ಲೋ?"

"ಮಲಗಬಹುದು ಅಮ್ಮಾ."

"ಖರೇನ?"

"ನನ್ನ ಮೊಮ್ಮಗಳಾಗಿದ್ದರೆ ನಾನು ಮಲಗಿಸ್ತಿದ್ದೆ."

ಅವರು ಸೀದಾ ಅಡುಗೆಮನೆಗೆ ಹೋದರು. ಗೌರಿ ಅವರ ಸೆರಗು ಹಿಡಿದು ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಮಹಾಂತೇಶ ನನ್ನ ಕಡೆ ಬಾಗಿ ಮೆಲ್ಲಗೆ, "ಅಕ್ಕಾರ, ಒಂದು ತಿಂಗಳಿಂದ ಅವ್ವ ರೊಟ್ಟಿ ಬಡದಿರಲಿಲ್ಲ" ಅಂದ. ಒಳಗಿನಿಂದ ಉತ್ತರ ಬಂತು: "ಮಲಗಾಕ ಜಾಗ ಇಲ್ಲದವಳಿಗೆ ರೊಟ್ಟಿ ಬಡಿಯಾಕ ಎಲ್ಲಿ ಹುರುಪೋ!"

ಲವಂಗದ ಗಂಟನ್ನು ಅವರು ಮೂಸಿ ನೋಡಿ, "ಇದಕ್ಕ ಹುಳಾ ಅಂಜತಾವೇನ?" ಅಂದರು. ವರ್ಷಕ್ಕೊಮ್ಮೆ ಬದಲಿಸಬೇಕು, ಸೀರೆ ಆಗಾಗ ಹರವಬೇಕು ಅಂದೆ. "ಹಂಗಾದ್ರ ನೀನೂ ಹಂಗ ಮಾಡು" ಅಂದರು. ಅವತ್ತಿನಿಂದ ನಾನೂ ಮಾಡುತ್ತಿದ್ದೇನೆ. ಇವತ್ತೂ ಮಾಡಿದೆ.

ಅನುಷಾ, ನೀನು ಹೋಗುವ ಕೆಲಸದಲ್ಲಿ ಕಣ್ಣಿಗೆ ಕಾಣುವ ಜಯ ಕಡಿಮೆ. ನೀರು ಮೊದಲೂ ನೀರೇ, ಆಮೇಲೂ ನೀರೇ. ಗಾಳಿಯೂ ಹಾಗೇ. ಆದರೂ ನನಗೆ ಈ ಕೆಲಸದ ಮೇಲೆ ಎಂದೂ ಬೇಸರ ಬರಲಿಲ್ಲ. ನಿನಗೂ ಬರುವುದಿಲ್ಲ, ನೋಡು.

ಅವತ್ತು ಊಟಕ್ಕೆ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ನಾನು ಎರಡು ಸಾಕು ಅಂದರೂ ಮೂರನೆಯದನ್ನು ತಟ್ಟೆಗೆ ಹಾಕಿದರು. ಊಟವಾದ ಮೇಲೆ ಗೌರಿಯನ್ನು ಮಲಗಿಸುತ್ತೇನೆ ಅಂತ ನೀಲವ್ವ ಕೆಳಗೆ ಕರೆದೊಯ್ದರು. ಹೊರಡುವ ಮೊದಲು ಫ್ಯಾನು ಸರಿಯಾಗಿ ಓಡುತ್ತಿದೆಯಾ ಅಂತ ನೋಡಲು ನಾನೂ ರೂಪಾನೂ ಇಳಿದೆವು. ಬಿಳಿ ಪೈಪಿನೊಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಪೈಪಿನ ಮೇಲೂ ಮೂರು ಗೆರೆ ವಿಭೂತಿ. ಮಂಚದ ಮೇಲೆ ಅಜ್ಜಿ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಪಕ್ಕದಲ್ಲಿ ಗೌರಿ ಕಣ್ಣು ಪಿಳಿಪಿಳಿ ಬಿಡುತ್ತಾ, ಅಜ್ಜಿಯ ಎದೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು.